ಆ ಫಾರ್ಮಲ್ಲಿ ‘ಇಲ್ಲ’ ಅಂತ ಟಿಕ್ ಹಾಕಿದ್ದೆ

1/5
ಕಬಡ್ಡಿ ಆಡ್ವಾಗ ನನ್ನ ಬಲ ಮಂಡಿ ತಿರುಚ್ಕೊಂಡಿದ್ದು ಕ್ಲಾಸಿನವರಿಗೆಲ್ಲ ಗೊತ್ತು. ಸಂಜೆ ಹೊತ್ತಿಗೆ ಊದ್ಕೊಳ್ತು. ಎಕ್ಸ್‌ರೇ ತೆಗೆಸಿದ್ವಿ, ಮೂಳೆ ಚೆನ್ನಾಗಿದೆ ಅಂದ್ರು. ಆದ್ರೆ ಎರಡು ವಾರ ಆದ್ಮೇಲೂ ಮೆಟ್ಟಿಲು ಇಳಿವಾಗ ಮಂಡಿ ಕೈ ಕೊಡ್ತಿತ್ತು. ಮೂಳೆ ಡಾಕ್ಟ್ರು ಎಂಆರ್‌ಐ ಬರೆದ್ರು. ಎಕ್ಸ್‌ರೇಲಿ ಮೂಳೆ ಕಾಣುತ್ತೆ. ಮೂಳೆಗಳನ್ನ ಕಟ್ಟಿ ಹಿಡಿಯೋ ಲಿಗಮೆಂಟು, ಮಧ್ಯೆ ಮೆತ್ತೆ ಥರ ಕೂತಿರೋ ಮೆನಿಸ್ಕಸ್ಸು ಕಾಣಲ್ಲ. ಅದಕ್ಕೆ ಎಂಆರ್‌ಐ.

“ಒಳಗೆ ಹೆಂಗಿರುತ್ತೆ? ಭಯ ಆಗುತ್ತಾ?” ಅಂತ ಸುಮಾರು ಜನ ಮೆಸೇಜ್ ಮಾಡಿದ್ರಿ. ಹೇಳ್ತೀನಿ. ಆದ್ರೆ ಅದಕ್ಕಿಂತ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳ್ಬೇಕು.

2/5
ಅಪ್ಪ ಅಂಗಡಿ ಬಾಗಿಲು ಹಾಕಿ ನನ್ನ ಜೊತೆ ಬಂದಿದ್ರು. ಕೌಂಟರಲ್ಲಿ 6,500 ರೂಪಾಯಿ ಕಟ್ಟಿ ರಸೀದಿ ಜೇಬಿಗೆ ಇಟ್ಕೊಂಡ್ರು. ನನ್ನ ಕೈಗೆ ಒಂದು ಫಾರ್ಮ್ ಬಂತು. ಪೇಸ್‌ಮೇಕರ್ ಇದೆಯಾ? ಕಾಕ್ಲಿಯರ್ ಇಂಪ್ಲಾಂಟ್ ಇದೆಯಾ? ಮೆದುಳಿನ ಆಪರೇಷನ್ ಆಗಿ ಕ್ಲಿಪ್ ಹಾಕಿದಾರಾ? ಕಣ್ಣಿಗೆ ಯಾವತ್ತಾದ್ರೂ ಲೋಹದ ಚೂರು ಹೊಕ್ಕಿತ್ತಾ? ಮೈಯಲ್ಲಿ ಪ್ಲೇಟು, ಸ್ಕ್ರೂ ಇದೆಯಾ?

ಕೊನೇ ಪ್ರಶ್ನೆಗೆ ಪೆನ್ನು ನಿಂತೋಯ್ತು. ಏಳನೇ ಕ್ಲಾಸಲ್ಲಿ ಮರದಿಂದ ಬಿದ್ದು ಎಡಗೈ ಮುರ್ಕೊಂಡಾಗ ಹಾಕಿದ ಪ್ಲೇಟು ಇನ್ನೂ ಒಳಗೇ ಇದೆ. ‘ಹೌದು’ ಅಂದ್ರೆ ವಾಪಸ್ ಕಳಿಸ್ತಾರೆ, ಅಪ್ಪ ಇನ್ನೊಂದು ದಿನ ಅಂಗಡಿ ಮುಚ್ಬೇಕು, ಕಟ್ಟಿದ ದುಡ್ಡು ಏನಾಗುತ್ತೋ. ಸ್ಕ್ಯಾನ್ ಆಗೋದು ಮಂಡಿ, ಪ್ಲೇಟಿರೋದು ಕೈಯಲ್ಲಿ ಅಂದ್ಕೊಂಡು ‘ಇಲ್ಲ’ ಅಂತ ಟಿಕ್ ಹಾಕ್ಬಿಟ್ಟೆ.

3/5
ಬಟ್ಟೆ ಬದಲಾಯಿಸಿ ಅವರು ಕೊಟ್ಟ ಗೌನ್ ಹಾಕ್ಕೊಂಡೆ. ಅದರ ತೋಳು ಗಿಡ್ಡ. ಟೆಕ್ನಿಷಿಯನ್ ಅಣ್ಣ ಕೈ ಮೇಲಿನ ಹೊಲಿಗೆ ಗುರುತು ನೋಡಿ, “ಏನಪ್ಪ ಇದು?” ಅಂದ್ರು. ಹೇಳ್ದೆ. ಬೈಲಿಲ್ಲ, ಬಾಗಿಲ ಹತ್ರಾನೇ ನಿಲ್ಲಿಸಿದ್ರು. “ಮಂಡಿ ಒಂದೇ ಒಳಗೆ ಹೋಗುತ್ತೆ ಅಂದ್ಕೊಂಡ್ಯಾ? ರೂಮಿಗೆ ಕಾಲಿಟ್ರೆ ಇಡೀ ಮೈ ಮ್ಯಾಗ್ನೆಟ್ ಹತ್ರ ಬಂದಂಗೆ.”

ಆ ಮೆಷಿನ್ 1.5 ಟೆಸ್ಲಾದ್ದು. ಭೂಮಿಯ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೀದೇ ಇದ್ದಾಗಲೂ ಆ ಮ್ಯಾಗ್ನೆಟ್ ಆನ್ ಆಗೇ ಇರುತ್ತೆ. 2018ರ ಜನವರಿಯಲ್ಲಿ ಮುಂಬೈನ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡ್ಕೊಂಡು ಎಂಆರ್‌ಐ ರೂಮಿಗೆ ಹೋದ ಒಬ್ಬ ಯುವಕ ಪ್ರಾಣ ಕಳ್ಕೊಂಡ. ಅವನು ಪೇಷೆಂಟ್ ಕೂಡ ಅಲ್ಲ, ಪೇಷೆಂಟ್ ಜೊತೆ ಹೋದವನು.

ಅಪ್ಪ ಮನೆಗೆ ಫೋನ್ ಮಾಡಿದ್ರು. ಅಮ್ಮ ಬೀರುವಿನಿಂದ ಹಳೇ ಡಿಸ್ಚಾರ್ಜ್ ಪೇಪರ್ ಹುಡುಕಿ ವಾಟ್ಸಾಪಲ್ಲಿ ಕಳಿಸಿದ್ರು. ಟೈಟಾನಿಯಂ ಪ್ಲೇಟು. ರೇಡಿಯಾಲಜಿಸ್ಟ್ ನೋಡಿ ‘ಮಾಡಬಹುದು’ ಅಂದ್ರು. ಮೂಳೆಗೆ ಹಾಕೋ ಹೆಚ್ಚಿನ ಪ್ಲೇಟುಗಳಿಗೆ ತೊಂದರೆ ಆಗಲ್ಲವಂತೆ. ಆದ್ರೆ ಅದನ್ನ ತೀರ್ಮಾನ ಮಾಡ್ಬೇಕಾದವರು ಅವರು, ಪೆನ್ನು ಹಿಡ್ಕೊಂಡಿರೋ ನಾವಲ್ಲ. ಎಲ್ಲ ಸೇರಿ ಇಪ್ಪತ್ತು ನಿಮಿಷ ಆಯ್ತು. ಇಪ್ಪತ್ತು ನಿಮಿಷದ ಕೆಲಸಕ್ಕೆ ನಾನು ಸುಳ್ಳು ಬರೆದಿದ್ದೆ.

4/5
ಇನ್ನು ಒಳಗಿನ ಕಥೆ. ಫೋನು, ಎಟಿಎಂ ಕಾರ್ಡು, ಬೆಲ್ಟು, ಬೀಗದ ಕೈ ಎಲ್ಲ ಹೊರಗೆ. ಹುಡುಗರೇ, ಬೆಳ್ಳಿ ಉಡಿದಾರಾನೂ ಬಿಚ್ಚಬೇಕು. ಹುಡುಗೀರು ಹೇರ್‌ಪಿನ್, ಕಾಲ್ಗೆಜ್ಜೆ ಮರೀಬೇಡಿ. ಕೆಲವು ಸ್ಪೋರ್ಟ್ಸ್ ಬಟ್ಟೆಗಳಲ್ಲಿ ಲೋಹದ ಎಳೆ ಇರುತ್ತೆ, ಅದು ಬಿಸಿಯಾಗಬಹುದು, ಅದಕ್ಕೇ ಗೌನ್.

ಮಂಡಿ ಸ್ಕ್ಯಾನಿಗೆ ಕಾಲು ಮೊದಲು ಒಳಗೆ ಹೋಗುತ್ತೆ. ನನ್ನ ತಲೆ ಹೊರಗೇ ಇತ್ತು. ಮಂಡಿ ಸುತ್ತ ಡಬ್ಬಿ ಥರದ್ದೊಂದು ಕಾಯಿಲ್ ಕೂರಿಸ್ತಾರೆ. ಆಮೇಲೆ ಶುರು: ಡಗಡಗ, ಟಕಟಕ, ರಸ್ತೆ ಒಡೆಯೋ ಮೆಷಿನ್ ಥರ. ಕಿವಿಗೆ ಮುಚ್ಚಿಕೊಳ್ಳೋಕೆ ಕೊಡ್ತಾರೆ, ಕೊಡದಿದ್ರೆ ಕೇಳಿ. ನೋವಿಲ್ಲ. ಎಕ್ಸ್‌ರೇ ಥರ ರೇಡಿಯೇಷನ್ನೂ ಇಲ್ಲ. ಕಷ್ಟ ಒಂದೇ, ಅರ್ಧ ಗಂಟೆ ಕಾಲು ಅಲ್ಲಾಡಿಸಬಾರದು. ಅಲ್ಲಾಡಿದ್ರೆ ಚಿತ್ರ ಮಸುಕಾಗಿ ಮತ್ತೆ ತೆಗೀಬೇಕಾಗುತ್ತೆ. ಕೈಯಲ್ಲಿ ಒತ್ತೋ ಬಲ್ಬ್ ಕೊಟ್ಟಿರ್ತಾರೆ, ತಡೆಯೋಕಾಗದಿದ್ರೆ ಒತ್ತಿ, ಬರ್ತಾರೆ. ಇಕ್ಕಟ್ಟು ಜಾಗ ಅಂದ್ರೆ ಭಯ ಇರೋರು, ಗರ್ಭಿಣಿಯರು ಮೊದಲೇ ಹೇಳ್ಬೇಕು.

5/5
ರಿಪೋರ್ಟ್ ಬಂದ ರಾತ್ರಿ ನಾನು ನಿದ್ದೆ ಮಾಡಿಲ್ಲ. “ಎಂಸಿಎಲ್ ಪಾರ್ಷಿಯಲ್ ಟೇರ್”, “ಮೆನಿಸ್ಕಸ್ ಗ್ರೇಡ್ 2 ಸಿಗ್ನಲ್”. ಫೋನಲ್ಲಿ ಹುಡುಕಿ ಹುಡುಕಿ, ನನ್ನ ಕಬಡ್ಡಿ ಮುಗೀತು ಅಂತ ನಾನೇ ತೀರ್ಪು ಕೊಟ್ಕೊಂಡೆ. ಬೆಳಿಗ್ಗೆ ಡಾಕ್ಟ್ರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಮಂಡಿ ಮುಟ್ಟಿ ನೋಡಿದ್ರು. ಬಗ್ಗಿಸಿ, ಪಕ್ಕಕ್ಕೆ ಒತ್ತಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ, ಆಮೇಲೆ ಫಿಲ್ಮ್. ಗ್ರೇಡ್ 2 ಅಂದ್ರೆ ಮೆನಿಸ್ಕಸ್ ಹರಿದು ಮೇಲ್ಮೈಗೆ ಬಂದಿಲ್ಲ ಅಂತ. ಒಳಬದಿಯ ಲಿಗಮೆಂಟು ಅರ್ಧ ಹರಿದಿದೆ, ಆಪರೇಷನ್ ಬೇಡ, ಬ್ರೇಸ್ ಹಾಕ್ಕೊಂಡು ಫಿಸಿಯೋಥೆರಪಿ ಮಾಡು ಅಂದ್ರು. ಈ ಸೀಸನ್ ಇಲ್ಲ. ಬೇಜಾರಿದೆ, ಆದ್ರೆ ಆ ರಾತ್ರಿಯಷ್ಟಿಲ್ಲ.

ಫಾರ್ಮ್ ವಿಷ್ಯಕ್ಕೆ ಅಪ್ಪ ಸೆಂಟರಲ್ಲಿ ಏನೂ ಅಂದಿರ್ಲಿಲ್ಲ. ವಾಪಸ್ ಬರ್ತಾ ಗಾಡಿಯಲ್ಲಿ ಒಂದೇ ಮಾತು: “ಅಂಗಡಿ ನಾಳೇನೂ ತೆಗೀಬಹುದು ಕಣೋ.”

ನಿಮ್ಮ ಮನೇಲಿ ಯಾರಿಗಾದ್ರೂ ಹಳೇ ಆಪರೇಷನ್ ಆಗಿದ್ಯಾ? ಅಜ್ಜಿಗೆ ಪೇಸ್‌ಮೇಕರ್, ಅಪ್ಪನ ಕಾಲಿಗೆ ರಾಡು? ಇವತ್ತೇ ಆ ಡಿಸ್ಚಾರ್ಜ್ ಪೇಪರ್ ಹುಡುಕಿ ಒಂದು ಫೋಟೋ ತೆಗೆದಿಟ್ಕೊಳ್ಳಿ. ನಮ್ಮಮ್ಮನಿಗೆ ಅವತ್ತು ಸಿಕ್ಕಿದ್ದು ನನ್ನ ಅದೃಷ್ಟ.

#ಮಂಡಿನೋವು #ಎಂಆರ್‌ಐ #ಕಬಡ್ಡಿ