ಗಂಟಿನ ಮೇಲೆ ಗಂಟು

ಭೂಮಿ ಚಪ್ಪಟೆಯೆಂದು ನಂಬುವವರನ್ನು ಅಜ್ಞಾನಿಗಳೆಂದು ನಕ್ಕುಬಿಡುವುದು ಸುಲಭ. ಆದರೆ ಅವರ ವಾದಗಳನ್ನು ತಾಳ್ಮೆಯಿಂದ ಕೇಳಿದರೆ ಬೇರೆಯೇ ಒಂದು ಸಂಗತಿ ಗೋಚರಿಸುತ್ತದೆ. ಅಲ್ಲಿ ವಿವರಣೆಗೆ ಕೊರತೆಯಿಲ್ಲ. ಇರುವುದು ವಿವರಣೆಯ ಅತಿಶಯ.

ಭೂಮಿ ಗೋಲವೆಂದು ಒಪ್ಪಿದರೆ ಹಲವು ಪ್ರಶ್ನೆಗಳಿಗೆ ಒಂದೇ ಉತ್ತರ ಸಾಕು. ನಮ್ಮ ಕಾಸರಗೋಡಿನ ಕಡಲತಡಿಯಿಂದ ದೂರ ಸಾಗುವ ಹಡಗಿನ ಒಡಲು ಮೊದಲು ಮರೆಯಾಗುವುದೇಕೆ? ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳಿನ ಅಂಚು ಸದಾ ದುಂಡಗಿರುವುದೇಕೆ? ದಕ್ಷಿಣಕ್ಕೆ ಹೋದಂತೆ ಧ್ರುವನಕ್ಷತ್ರ ಕೆಳಗಿಳಿಯುವುದೇಕೆ? ಎಲ್ಲದಕ್ಕೂ ಕಾರಣ ಒಂದೇ. ಚಪ್ಪಟೆವಾದಿಗಳಾದರೋ ಒಂದೊಂದಕ್ಕೂ ಬೇರೆ ಕಾರಣ ಹುಡುಕಬೇಕು. ಗ್ರಹಣಕ್ಕೆ ಕಣ್ಣಿಗೆ ಕಾಣದ ಒಂದು ಕಾಯ. ವಸ್ತುಗಳು ಬೀಳುವುದಕ್ಕೆ ಭೂಮಿಯ ತಟ್ಟೆಯೇ ವೇಗ ಹೆಚ್ಚಿಸಿಕೊಳ್ಳುತ್ತ ಮೇಲಕ್ಕೆ ಧಾವಿಸುತ್ತಿದೆಯೆಂಬ ಕಲ್ಪನೆ. ಸಮುದ್ರ ಚೆಲ್ಲದಿರಲು ಸುತ್ತಲೂ ಹಿಮದ ಗೋಡೆ. ಆ ಗೋಡೆಯ ಸುದ್ದಿ ಹೊರಬೀಳದಿರಲು ಎಲ್ಲ ಸರಕಾರಗಳ ಒಳಸಂಚು. ಒಂದು ಗಂಟನ್ನು ಮುಚ್ಚಲು ಇನ್ನೊಂದು ಗಂಟು.

ಪ್ರಮಾಣ ತೋರಿಸಿದರೆ ಗಂಟು ಬಿಚ್ಚೀತೇ? 1870ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಹ್ಯಾಂಪ್ಡನ್ ಎಂಬಾತ, ನೀರಿನ ಮೇಲ್ಮೈ ಬಾಗಿದೆಯೆಂದು ತೋರಿಸಿದವರಿಗೆ 500 ಪೌಂಡು ಕೊಡುವೆನೆಂದು ಪಣವೊಡ್ಡಿದ. ಡಾರ್ವಿನ್ನನ ಸಮಕಾಲೀನ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಅದನ್ನು ಒಪ್ಪಿಕೊಂಡು, ಬೆಡ್‌ಫರ್ಡ್ ಕಾಲುವೆಯ ಸುಮಾರು 6 ಮೈಲಿ ನೇರ ಹಾದಿಯಲ್ಲಿ ನೀರಿನಿಂದ ಸಮಾನ ಎತ್ತರದಲ್ಲಿ ಗುರುತುಗಳನ್ನು ನಿಲ್ಲಿಸಿದರು. ದೂರದರ್ಶಕದಲ್ಲಿ ನಡುವಿನ ಗುರುತು ಮೇಲಕ್ಕೆ ಕಂಡಿತು. ತೀರ್ಪುಗಾರರು ವಾಲೇಸರೇ ಗೆದ್ದರೆಂದರು. ಹ್ಯಾಂಪ್ಡನ್ ಒಪ್ಪಲಿಲ್ಲ, ವರ್ಷಗಟ್ಟಲೆ ನಿಂದಾಪತ್ರಗಳನ್ನು ಬರೆದ, ಸೆರೆಮನೆಗೂ ಹೋದ, ಆದರೂ ಬದಲಾಗಲಿಲ್ಲ. ಪಣದ ಹಣವೂ ನ್ಯಾಯಾಲಯದ ಮೂಲಕ ಅವನಿಗೇ ಮರಳಿತು. ಗೆದ್ದ ವಾಲೇಸರಿಗೆ ಉಳಿದದ್ದು ಖರ್ಚು ಮತ್ತು ಮನಸ್ತಾಪ.

ನಮ್ಮಲ್ಲಿ ಓದಿದ ತರುಣನೊಬ್ಬ ಇಂತಹ ವಾದಗಳನ್ನು ಆಗಾಗ ಮೊಬೈಲಿನಲ್ಲಿ ನಮಗೆ ಕಳುಹಿಸುತ್ತಾನೆ. ಅವನು ದಡ್ಡನಲ್ಲ, ಲೆಕ್ಕದಲ್ಲಿ ಚುರುಕಾಗಿದ್ದವನು. ಅವನನ್ನು ಸೆಳೆದಿರುವುದು ಆ ಜಟಿಲತೆಯೇ ಎಂದು ನಮಗೆ ತೋರುತ್ತದೆ. ಭೂಮಿ ಗುಂಡಗಿದೆಯೆಂಬುದು ಐದನೆಯ ತರಗತಿಯ ಮಗುವಿಗೂ ಗೊತ್ತು. ಅದನ್ನು ತಿಳಿದರೆ ಯಾರಿಗೂ ಹೆಚ್ಚುಗಾರಿಕೆಯಿಲ್ಲ. ಹಿಮದ ಗೋಡೆಯ ಒಳಗುಟ್ಟು ತಿಳಿದವನಾದರೋ ಕೆಲವೇ ಜಾಣರಲ್ಲಿ ಒಬ್ಬ. ಪುಸ್ತಕ ಕೊಟ್ಟದ್ದು ಪರರ ಸೊತ್ತು. ತಾನೇ ಹಾಕಿದ ಗಂಟು ತನ್ನದು. ಅದನ್ನು ಬಿಚ್ಚಲು ಹೋದವನು ಶತ್ರುವಾಗಿ ಕಾಣುವುದು ಸಹಜ.

ಆದುದರಿಂದ ಅಂತಹವರೊಡನೆ ಪಣವೂ ಬೇಡ, ಪರಿಹಾಸ್ಯವೂ ಬೇಡ. "ಏನನ್ನು ಕಂಡರೆ ನಿನ್ನ ಅಭಿಪ್ರಾಯ ಬದಲಿಸುವೆಯಪ್ಪಾ?" ಎಂದು ಸಮಾಧಾನದಿಂದ ಕೇಳೋಣ. ಉತ್ತರ ಬಂದರೆ ಜೊತೆಗೂಡಿ ನೋಡಬಹುದು. ಬಾರದಿದ್ದರೆ ಪ್ರಶ್ನೆಯಾದರೂ ಅವನೊಡನೆ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ನಾವು ಕಾಯಬಾರದು. ಆರ್ಯಭಟನು 1500 ವರ್ಷಗಳ ಹಿಂದೆಯೇ ಭೂಗೋಲವನ್ನು ಎಲ್ಲ ಕಡೆ ಕೇಸರ ತುಂಬಿದ ಕದಂಬ ಪುಷ್ಪಕ್ಕೆ ಹೋಲಿಸಿದ್ದನ್ನು ಅವರಿಗೆ ಹೇಳಬೇಕು. ಹೇಳಿ ಅಲ್ಲಿಗೇ ಬಿಡದೆ ಬೇಕಲದ ಕಡಲತಡಿಗೂ ಕೋಟೆಯ ಬುರುಜಿಗೂ ಕರೆದೊಯ್ಯಬೇಕು. ನೀರಿನಿಂದ 1.5 ಮೀಟರ್ ಎತ್ತರದ ಕಣ್ಣಿಗೆ ಬಾನಂಚು ಸುಮಾರು 4.4 ಕಿಲೋಮೀಟರ್ ದೂರ. 30 ಮೀಟರ್ ಏರಿದರೆ ಸುಮಾರು 20 ಕಿಲೋಮೀಟರ್. ಕೆಳಗೆ ಕಾಣದ ದೋಣಿ ಮೇಲೇರಿದಾಗ ಕಂಡರೆ, ಕಾರಣವನ್ನು ಮಗುವೇ ಹುಡುಕಲಿ. ಕಂಡುಹಿಡಿದ ಸುಖ ಸತ್ಯದ ಪಕ್ಷದಲ್ಲಿಯೂ ಇದೆಯೆಂದು ಎಳವೆಯಲ್ಲಿಯೇ ಅರಿತವರು, ಅದನ್ನರಸಿ ಹಿಮದ ಗೋಡೆಯವರೆಗೆ ಹೋಗಬೇಕಾಗಿಲ್ಲ.