‘ನೀವು ನೀವೇನಾ?’

ಮಳೆಗಾಲ ಹಿಡಿದುಕೊಂಡಿತೆಂದರೆ ನಮ್ಮ ಸವದತ್ತಿ ಸೀಮೆಯ ಜನ ಪತ್ರಿಕೆ ಕೈಗೆ ಬಂದೊಡನೆ ಮೊದಲು ಹುಡುಕುವುದು ಒಂದು ಅಂಕಿಯನ್ನು. ನವಿಲುತೀರ್ಥದ ಅಣೆಕಟ್ಟೆಯಲ್ಲಿ ಇಂದು ನೀರು ಎಷ್ಟು ನಿಂತಿದೆ? 2079.50 ಅಡಿ ಮುಟ್ಟಿದರೆ ತುಂಬಿತೆಂದು ಲೆಕ್ಕ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಯನ್ನು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ತಡೆದು, 1970ರ ದಶಕದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ ಇದು. ಅದರ ಹಿಂದೆ ನಿಲ್ಲುವ ರೇಣುಕಾಸಾಗರದ ನೀರನ್ನು ನರಗುಂದ, ನವಲಗುಂದದ ಹೊಲಗಳು ಉಣ್ಣುತ್ತವೆ. ಹುಬ್ಬಳ್ಳಿ-ಧಾರವಾಡದ ಜನ ಕುಡಿಯುತ್ತಾರೆ. ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿರಲಿ, ಮುನವಳ್ಳಿಯ ನಮ್ಮ ಮೊಹಲ್ಲಾದವರಿರಲಿ, ಈ ನೀರನ್ನು ಯಾರೂ ‘ನನ್ನದು’ ಎನ್ನುವುದಿಲ್ಲ. ‘ನಮ್ಮ ಡ್ಯಾಮು’ ಎನ್ನುತ್ತಾರೆ.

ಈಗ ಪ್ರತಿ ಮನೆಯಲ್ಲೂ ಇನ್ನೊಂದು ಸಾಗರ ತುಂಬಿಕೊಳ್ಳುತ್ತಿದೆ. ಮದುವೆಯ ಫೋಟೋ, ತೀರಿಹೋದವರ ದನಿ, ಹೊಲದ ಉತಾರ, ಮಕ್ಕಳ ಅಂಕಪಟ್ಟಿ ಎಲ್ಲವೂ ಅಂಗೈಯಗಲದ ಫೋನಿನ ಮೂಲಕ ಹಾದು, ನಾವು ಎಂದೂ ಕಾಣದ ಯಾವುದೋ ಊರಿನ ಕಂಪ್ಯೂಟರುಗಳಲ್ಲಿ ಹೋಗಿ ನಿಲ್ಲುತ್ತಿವೆ. ಅದಕ್ಕೆ ಖಾತೆ ಎಂದು ಹೆಸರು. ಬಾಗಿಲು ತೆರೆದಿರುವವರೆಗೆ ಅಲ್ಲೊಂದು ಬಾಗಿಲಿದೆ ಎಂಬುದೇ ಯಾರಿಗೂ ನೆನಪಾಗುವುದಿಲ್ಲ. ಫೋನು ಕಳೆದು, ಬೇರೊಂದು ಫೋನಿನಿಂದ ಒಳಗೆ ಹೋಗಲು ನಿಂತಾಗ ಆಚೆಯಿಂದ ಪ್ರಶ್ನೆ ಬರುತ್ತದೆ: ನೀವು ನೀವೇನಾ?

ನಮ್ಮ ಮನೆತನಕ್ಕೆ ಈ ಪ್ರಶ್ನೆ ಎದುರಾದದ್ದು ಮುನವಳ್ಳಿಯ ಆಪಾಳಿಂದ. ಆಪಾ ನಮ್ಮ ಹಿರಿಯಕ್ಕ. ಮನೆಯಲ್ಲೇ ಹೊಲಿಗೆ ಮಶೀನು ಇಟ್ಟುಕೊಂಡು ಜಂಪರು, ಲಂಗ, ಸಾಲಿ ಹುಡುಗರ ಯೂನಿಫಾರಂ ಹೊಲಿಯುತ್ತಾಳೆ. ಅಣೆಕಟ್ಟೆಯಿಂದ ನೀರು ಬಿಟ್ಟ ಒಂದು ದಿನ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಜಾರಿ ಬಿತ್ತು. ಸೆಳವು ಜೋರಿತ್ತು. ಫೋನೂ ಹೋಯಿತು, ಅದರೊಳಗಿನ ಸಿಮ್ಮೂ ಹೋಯಿತು.

ಫೋನು ಹೋದದ್ದಕ್ಕೆ ಆಪಾ ಅಳಲಿಲ್ಲ. ಅವಳು ಅತ್ತದ್ದು ಅಮ್ಮಿಯ ಬಯಾಜ್‌ಗಾಗಿ. ಬಯಾಜ್ ಎಂದರೆ ಮನಸ್ಸಿಗೆ ಹಿಡಿದದ್ದನ್ನೆಲ್ಲ ಬರೆದಿಡುವ ಕೈಬರಹದ ಪುಸ್ತಕ. ನಮ್ಮ ಅಮ್ಮಿ ಓದಿದ್ದು ಉರ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೂ ಆ ಪುಸ್ತಕದಲ್ಲಿ ಮದುವೆ ಮನೆಯ ಹಾಡುಗಳಿದ್ದವು, ಯಾರ ಮನೆಯಲ್ಲಿ ಯಾವಾಗ ಕೂಸು ಹುಟ್ಟಿತು ಎಂಬುದಿತ್ತು, ಯಾರಿಗೆ ಎಷ್ಟು ಜೋಳ ಕೈಗಡ ಕೊಟ್ಟದ್ದು ಎಂಬ ಲೆಕ್ಕವಿತ್ತು. ನಮ್ಮ ಎಷ್ಟೋ ಕಥೆಗಳ ಬೀಜ ಅದರಲ್ಲಿತ್ತು. 2018ರಲ್ಲಿ ಮಗಳ ಮದುವೆಯ ಹಾಡಿಗೆಂದು ಆಪಾ ಅದರ ಪುಟಗಳನ್ನು ಹೊಸ ಫೋನಿನಲ್ಲಿ ಫೋಟೋ ತೆಗೆದಿದ್ದಳು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನುಗ್ಗಿದಾಗ ಆಪಾಳ ಟ್ರಂಕಿನೊಳಗೆ ಕೆಸರು ತುಂಬಿತು. ಪುಸ್ತಕದ ಶಾಯಿ ತೊಳೆದುಹೋಯಿತು, ಕಾಗದ ಅಂಟಿಕೊಂಡು ಮುದ್ದೆಯಾಯಿತು. ಉಳಿದದ್ದು ಫೋಟೋ ಮಾತ್ರ. ಆ ಫೋಟೋಗಳಿದ್ದದ್ದು ಈಗ ಬಾಗಿಲು ಮುಚ್ಚಿದ ಖಾತೆಯಲ್ಲಿ. ಒಂದೇ ಹೊಳೆ ಎರಡು ಸಲ ಅಮ್ಮಿಯ ಅಕ್ಷರವನ್ನು ನಮ್ಮಿಂದ ಕಸಿದುಕೊಂಡಂತಾಯಿತು.

ನಾವು ಸವದತ್ತಿಯಿಂದ ಬಸ್ಸು ಹತ್ತಿ ಹೋಗಿ ಒಂದೊಂದೇ ಎಳೆ ಬಿಡಿಸುತ್ತ ಕುಳಿತೆವು. ಫೋನ್ ನಂಬರು ಯಾರ ಹೆಸರಿನಲ್ಲಿದೆ? ದುಲ್ಹೇಭಾಯಿಯ ಹೆಸರಿನಲ್ಲಿ. ಅವರು ತೀರಿಕೊಂಡು ವರ್ಷಗಳಾದವು. ಇ-ಮೇಲ್ ವಿಳಾಸ ಏನು? ಫೋನು ಮಾರಿದ ಅಂಗಡಿಯ ಹುಡುಗ ಅಂದು ತಾನೇ ಏನೋ ಒತ್ತಿ ಮಾಡಿಕೊಟ್ಟಿದ್ದ. ಪಾಸ್‌ವರ್ಡ್? ಗೋವೆಯ ಬೇಕರಿಯಲ್ಲಿ ದುಡಿಯುವ ಮಗನಿಗೆ ಗೊತ್ತಿತ್ತಂತೆ, ಈಗ ಅವನಿಗೂ ಮರೆತಿದೆ. ಮೊದಲನೆಯ ನಂಬರು ಕೈಕೊಟ್ಟರೆ ಇರಲೆಂದು ಕೊಟ್ಟ ಇನ್ನೊಂದು ನಂಬರು? ಅದು ಮಗನದೇ, ಅದನ್ನು ಅವನು ಯಾವಾಗಲೋ ಬಿಟ್ಟುಬಿಟ್ಟಿದ್ದಾನೆ. ಒಂದು ಕೀಲಿ ಕಬರಸ್ಥಾನದಲ್ಲಿ, ಒಂದು ಗೋವೆಯಲ್ಲಿ, ಒಂದು ಅಂಗಡಿಯಲ್ಲಿ. ಆಪಾಳ ಬಳಿ ಇದ್ದದ್ದು ಖಾತೆ ಮಾತ್ರ.

ವಿಳಾಸ ಮರೆತಿದ್ದರೆ ಅದನ್ನು ಹುಡುಕಿಕೊಡುವ ವ್ಯವಸ್ಥೆಯಿದೆ. ಖಾತೆಗೆ ಜೋಡಿಸಿದ ನಂಬರನ್ನೂ, ಖಾತೆಯಲ್ಲಿರುವ ಪೂರ್ತಿ ಹೆಸರನ್ನೂ ಕೊಡಬೇಕು. ಇಲ್ಲಿ ಆಪಾಳ ಹೆಸರೇ ಅಡ್ಡ ನಿಂತಿತು. ಅವಳ ಹೆಸರಿನಲ್ಲಿ ಉರ್ದುವಿನ ‘ಜ್ವಾದ್’ ಅಕ್ಷರವಿದೆ. ಉರ್ದುವಿನಲ್ಲಿ ಈ ದನಿಗೆ ಜಾಲ್, ಜೇ, ಜ್ವಾದ್, ಜೋಯ್ ಎಂದು ನಾಲ್ಕು ಅಕ್ಷರ. ಕನ್ನಡದಲ್ಲಿ ನಾಲ್ಕಕ್ಕೂ ಒಂದೇ ‘ಜ’. ಆಧಾರಿನ ಇಂಗ್ಲಿಷಿನಲ್ಲಿ ‘ಜೆಡ್’, ಅಂಗಡಿಯ ಹುಡುಗನ ಇಂಗ್ಲಿಷಿನಲ್ಲಿ ‘ಜೆ’. ಹೀಗೆ ಬರೆದು, ಹಾಗೆ ಬರೆದು, ಕೊನೆಗೆ ಅಡ್ಡಹೆಸರನ್ನು ಬಿಟ್ಟು ಬರೆದಾಗ ವಿಳಾಸ ಸಿಕ್ಕಿತು. ನಮ್ಮವರ ಹೆಸರುಗಳ ಈ ಪಾಡು ಹೊಸದೇನಲ್ಲ. ಮತದಾರರ ಪಟ್ಟಿ, ರೇಷನ್ ಕಾರ್ಡು, ಸಾಲಿಯ ದಾಖಲೆ ಎಲ್ಲದರಲ್ಲೂ ಒಬ್ಬನೇ ಮನುಷ್ಯ ಮೂರು ಹೆಸರಿನವನಾಗಿರುತ್ತಾನೆ. ಊರಿನಲ್ಲಿ ಅದನ್ನು ನೋಡಿ ನಗುವವರಿದ್ದಾರೆ. ಯಂತ್ರ ನಗುವುದಿಲ್ಲ, ಹೊರಗೆ ನಿಲ್ಲಿಸುತ್ತದೆ.

ಮುಂದಿನ ಕೆಲಸ ನಂಬರನ್ನು ಬದುಕಿಸುವುದು. ಇದರಲ್ಲಿ ತಡ ಮಾಡುವಂತಿಲ್ಲ. ಸಂಪರ್ಕ ಕಡಿದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಹಂಚುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅದಾದ ಮೇಲೆ ಅದು ಯಾರ ಪಾಲಿಗಾದರೂ ಹೋಗಬಹುದು. ಹಾಗಾದರೆ ನಿಮ್ಮ ಖಾತೆಯ ಗುಟ್ಟಿನ ಸಂಖ್ಯೆ ಯಾವುದೋ ಊರಿನ ಅಪರಿಚಿತನ ಕೈಗೆ ಬರುತ್ತದೆ. ಆಪಾ ದುಲ್ಹೇಭಾಯಿಯ ಮರಣಪತ್ರ, ತನ್ನ ಆಧಾರ್ ಹಿಡಿದುಕೊಂಡು ಹೋದಳು. ಒಂದು ಕಡೆ ಅವರ ಹೆಸರು ‘ಮೊಹಮ್ಮದ್’ ಎಂದು ಪೂರ್ತಿ ಇತ್ತು, ಇನ್ನೊಂದು ಕಡೆ ಬರೀ ‘ಎಂ.ಡಿ.’ ಎಂದಿತ್ತು. ಎರಡೂ ಒಬ್ಬರದೇ ಎಂದು ನಂಬಿಸುವುದಕ್ಕೆ ನಾಲ್ಕು ಸಲ ಅಡ್ಡಾಡಬೇಕಾಯಿತು. ಗೃಹಲಕ್ಷ್ಮಿಯ 2000 ರೂಪಾಯಿ ಜಮಾ ಆದ ಸಂದೇಶವೂ ಅದೇ ನಂಬರಿಗೆ ಬರುತ್ತಿದ್ದುದರಿಂದ, ‘ಬರೀ ಫೋಟೋಕ್ಕಾಗಿ ಇಷ್ಟು ಓಡಾಟವೇ’ ಎಂದು ಕೇಳುವವರ ಬಾಯಿ ಮುಚ್ಚಿತು. ಅವಳ ಮನಸ್ಸಿನಲ್ಲಿದ್ದದ್ದು ಮಾತ್ರ ಫೋಟೋವೇ.

ಹೊಸ ಸಿಮ್ ಬಂದಿತು. ಆದರೆ ಅದಕ್ಕೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಕಳ್ಳರು ಬೇರೆಯವರ ನಂಬರಿಗೆ ಹೊಸ ಸಿಮ್ ಪಡೆದು ಬ್ಯಾಂಕಿನ ಹಣ ದೋಚದಿರಲೆಂದು ದೂರಸಂಪರ್ಕ ಇಲಾಖೆ ಮಾಡಿದ ಕಟ್ಟಳೆ ಅದು. ಮರುದಿನ ಸಂಜೆ ಆರು ಅಂಕಿಯ ಸಂಖ್ಯೆ ಬಂತು. ನಾವು ಅದನ್ನು ಒತ್ತಿದೆವು. ಇಷ್ಟು ಸಾಲದು, ನೀವೇ ಎಂಬುದಕ್ಕೆ ಇನ್ನೊಂದು ಗುರುತು ಬೇಕು ಎಂದಿತು ಪರದೆ.

ಆಪಾ ಸಿಟ್ಟಿಗೆದ್ದು, “ಮೈಚ್ ಹ್ಞೂ ಬೋಲ್ಕೆ ಬೋಲೋನಾ ಉಸ್ಕು!” ಎಂದಳು. ನಾನೇ ಅಂತ ಅದಕ್ಕೆ ಹೇಳಬಾರದೇ ಎಂದು. ಪಕ್ಕದಲ್ಲಿ ಕುಳಿತಿದ್ದ ಮೊಬೈಲ್ ಅಂಗಡಿಯ ಹುಡುಗ ನಕ್ಕ. “ಅಕ್ಕಾರ, ನೀವ ಅಂತ ನನಗ ಗೊತ್ತೈತ್ರಿ. ಊರಿಗೆಲ್ಲಾ ಗೊತ್ತೈತಿ. ಅದಕ್ಕ ಗೊತ್ತಾಗಬೇಕಲ್ರಿ.”

ಯಂತ್ರದ ಹಟಕ್ಕೂ ಕಾರಣವಿದೆ ಎಂಬುದನ್ನು ಒಪ್ಪಬೇಕು. ಬರೀ ‘ನಾನೇ’ ಎಂದವರಿಗೆಲ್ಲ ಬಾಗಿಲು ತೆರೆದರೆ ಕಳ್ಳನೂ ಅದನ್ನೇ ಹೇಳುತ್ತಾನೆ. ಆದ್ದರಿಂದ ಅದು ಮುಖ ನೋಡುವುದಿಲ್ಲ, ಸಾಕ್ಷಿ ಕೇಳುತ್ತದೆ. ಗೂಗಲ್‌ನಂಥ ಕಂಪನಿಗಳು ಹೇಳುವುದೇನೆಂದರೆ, ಖಾತೆ ಮರಳಿ ಪಡೆಯುವವರು ಹಿಂದೆ ಬಳಸಿದ ಫೋನಿನಿಂದ, ಹಿಂದೆ ಬಳಸುತ್ತಿದ್ದ ಜಾಗದಿಂದಲೇ ಪ್ರಯತ್ನಿಸಬೇಕು. ನೆನಪಿರುವ ಹಳೆಯ ಪಾಸ್‌ವರ್ಡನ್ನಾದರೂ ಕೊಡಬೇಕು. ನಿಕಾಹ್‌ಗೆ ಇಬ್ಬರು ಸಾಕ್ಷಿ ಬೇಕೆಂಬುದು ನಮಗೆ ತಿಳಿದ ಮಾತೇ. ಹುಡುಗ-ಹುಡುಗಿ ‘ಕಬೂಲ್’ ಎಂದರಷ್ಟೇ ಸಾಲದು, ಕೇಳಿದವರು ಇರಬೇಕು. ಅಂತರ ಇಷ್ಟೇ: ಅಲ್ಲಿ ಸಾಕ್ಷಿ ಮನುಷ್ಯರದು. ಇಲ್ಲಿ ಸಾಕ್ಷಿ ವಸ್ತುಗಳದು. ವಸ್ತು ಹೊಳೆಪಾಲಾದರೆ ಮನುಷ್ಯ ಅನಾಥ.

ಇಲ್ಲಿಯೇ ನಮಗೆ ವಿಷಯದ ತಿರುಳು ಕಂಡದ್ದು. ಈ ಯಂತ್ರಗಳನ್ನು ಮಾಡಿದವರ ಮನಸ್ಸಿನಲ್ಲಿ ಒಬ್ಬ ಮನುಷ್ಯ, ಅವನದೊಂದು ಫೋನು, ಅವನದೊಂದು ನಂಬರು, ಅವನೊಬ್ಬನಿಗೇ ಗೊತ್ತಿರುವ ಗುಟ್ಟು ಎಂಬ ಚಿತ್ರವಿದೆ. ಅದು ‘ನಾನು’ ಎನ್ನುವವನ ಲೋಕ. ನಮ್ಮ ಮನೆಗಳು ನಡೆಯುವುದು ಹಾಗಲ್ಲ. ಉರ್ದುವಿನಲ್ಲಿ ಒಬ್ಬರೇ ಇದ್ದಾಗಲೂ ‘ಹಮ್’, ನಾವು, ಎನ್ನುವ ರೂಢಿಯಿದೆ. ಫೋನೂ ಹಾಗೆಯೇ. ಗಂಡನ ಹೆಸರಿನ ಸಿಮ್ಮು, ಮಗ ಹಾಕಿದ ಪಾಸ್‌ವರ್ಡು, ಮಗಳು ತೆಗೆದ ಫೋಟೋ, ಆಪಾಳ ಕೈಯಲ್ಲಿನ ಫೋನು. ಎಲ್ಲರೂ ಒಂದೇ ಸೂರಿನಡಿ ಇರುವವರೆಗೆ ಇದರಲ್ಲಿ ತೊಡಕಿಲ್ಲ. ಒಬ್ಬರು ತೀರಿಹೋದಾಗ, ಒಬ್ಬರು ದುಡಿಮೆಗೆ ಊರು ಬಿಟ್ಟಾಗ, ಮನೆಯಲ್ಲಿ ಉಳಿಯುವವಳು ಹೆಂಗಸು. ‘ನೀವು ನೀವೇನಾ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವಳೂ ಅವಳೇ. ಅವಳ ಹೆಸರಿನಲ್ಲಿ ಮಾತ್ರ ಏನೂ ಇರುವುದಿಲ್ಲ.

ಕೊನೆಗೆ ದಾರಿ ತೆರೆದದ್ದೂ ಆ ‘ನಾವು’ ಎಂಬುದೇ. 2020ರ ಲಾಕ್‌ಡೌನ್‌ನಲ್ಲಿ ಸಾಲಿ ಫೋನಿನೊಳಗೆ ಬಂದಾಗ, ಆಪಾಳ ಕಿರಿಯ ಮಗಳು ಮನೆಯ ಹಳೆಯ ಫೋನೊಂದರಲ್ಲಿ ಅಮ್ಮನದೇ ಖಾತೆ ಹಾಕಿಕೊಂಡು ಪಾಠ ಕೇಳಿದ್ದಳು. ಆ ಮೇಲೂ ಆಗಾಗ ಅದರಲ್ಲಿ ಹಾಡು ಕೇಳುತ್ತಿದ್ದಳು. ಗಾಜು ಒಡೆದ ಮೇಲೆ ಅದು ಕಪಾಟು ಸೇರಿತ್ತು. ಹುಡುಗ ಅದಕ್ಕೆ ಬೇರೆ ಗಾಜು ಹಾಕಿ, ಚಾರ್ಜು ಮಾಡಿ, ನೆಟ್ಟಿಗೆ ಜೋಡಿಸಿದ. ನಾವು ಹೊಸ ಫೋನಿನಲ್ಲಿ ಮತ್ತೆ ಪ್ರಯತ್ನಿಸಿದೆವು. ಒಡಕು ಫೋನು ಗುಣುಗುಟ್ಟಿತು. ಒಳಹೋಗಲು ನೋಡುತ್ತಿರುವವರು ನೀವೇನಾ ಎಂದು ಅದರಲ್ಲಿ ಪ್ರಶ್ನೆ, ಕೆಳಗೆ ‘ಹೌದು’ ಎಂಬ ಗುಂಡಿ. ಆಪಾ ತಾನೇ ಒತ್ತಿದಳು.

ಎಲ್ಲವೂ ಸಿಗಲಿಲ್ಲ. ಬಯಾಜ್‌ನ ಅರವತ್ತು ಚಿಲ್ಲರೆ ಪುಟಗಳಲ್ಲಿ ಖಾತೆ ಸೇರಿದ್ದವು ನಲವತ್ತೊಂದು. ಉಳಿದವು ಫೋನಿನಲ್ಲೇ ನಿಂತು ಫೋನಿನ ಜೊತೆಗೇ ಹೋಗಿವೆ. ಮದುವೆಯ ಹಾಡುಗಳು ಬಂದವು, ಹುಟ್ಟಿದವರ ಲೆಕ್ಕ ಬಂತು, ಜೋಳದ ಲೆಕ್ಕ ಬರಲಿಲ್ಲ. “ಹೋಗಲಿ ಬಿಡು, ಕೊಟ್ಟದ್ದಕ್ಕೆ ಲೆಕ್ಕ ಯಾಕೆ” ಎಂದಳು ಆಪಾ. ನಾವು ಆ ನಲವತ್ತೊಂದು ಪುಟಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಎರಡು ಮನೆಗಳಲ್ಲಿ ಇಟ್ಟಿದ್ದೇವೆ.

ಕಂಪನಿಗಳೂ ಈಗ ತುಸು ನಮ್ಮ ಹಾದಿಗೆ ಬರುತ್ತಿವೆ. ಖಾತೆಗೆ ಬೀಗ ಬಿದ್ದರೆ ಬಿಡಿಸಿಕೊಡಲು ನಂಬಿಕೆಯ ಜನರನ್ನು ಮೊದಲೇ ಹೆಸರಿಸುವ ಅನುಕೂಲವನ್ನು ಆಪಲ್ 2021ರಲ್ಲಿ, ಗೂಗಲ್ 2025ರ ಅಕ್ಟೋಬರ್‌ನಲ್ಲಿ ತಂದವು. ಆ ಸಾಕ್ಷಿದಾರರಿಗೆ ನಿಮ್ಮ ಖಾತೆಯೊಳಗಿನದೇನೂ ಕಾಣುವುದಿಲ್ಲ. ಇವರು ಇವರೇ ಎಂದು ಹೇಳುವುದಷ್ಟೇ ಅವರ ಕೆಲಸ. ತಾನು ಸತ್ತ ಮೇಲೆ ಖಾತೆ ಯಾರ ಕೈಸೇರಬೇಕೆಂದು ಬರೆದಿಡುವ ವ್ಯವಸ್ಥೆ ಗೂಗಲ್‌ನಲ್ಲಿ 2013ರಿಂದಲೂ ಇದೆ. ಬಳಸುವವರು ನಮ್ಮಲ್ಲಿ ಕಡಿಮೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ ಎಂಬುದನ್ನು, ತೀರಿಹೋದವರ ಫೋಟೋ ನಂಬಿ ಕುಳಿತವರು ನೆನಪಿಡಬೇಕು.

ಇನ್ನೊಂದು ಎಚ್ಚರ. ಖಾತೆ ಕಳೆದುಕೊಂಡವರ ಗಾಬರಿಯೇ ಮೋಸಗಾರರ ಬಂಡವಾಳ. ‘ನಿಮ್ಮ ಖಾತೆ ಬಿಡಿಸಿಕೊಡುತ್ತೇವೆ, ಬಂದ ಸಂಖ್ಯೆ ಹೇಳಿ’ ಎಂದು ಫೋನು ಮಾಡುವವರು ಕಂಪನಿಯವರಲ್ಲ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಫೋನು ಕಳುವಾದರೆ ‘ಸಂಚಾರ್ ಸಾಥಿ’ಯಲ್ಲಿ ಅದನ್ನು ತಡೆಹಿಡಿಸಬಹುದು, ಅದಕ್ಕೆ ಬೇಕಾದ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಫೋನಿನ ಡಬ್ಬಿಯ ಮೇಲೆಯೇ ಇರುತ್ತದೆ.

ಅಂಗಡಿಯ ಹುಡುಗ ಖಾತೆಗೆ ಹತ್ತು ‘ಬ್ಯಾಕಪ್ ಕೋಡ್’ ತೆಗೆದುಕೊಟ್ಟ. ಎಂಟೆಂಟು ಅಂಕಿ, ಒಂದೊಂದೂ ಒಂದೇ ಸಲಕ್ಕೆ. ಫೋನು, ಸಿಮ್ಮು ಎರಡೂ ಇಲ್ಲದಾಗ ಪಾಸ್‌ವರ್ಡ್ ಜೊತೆಗೆ ಇವೇ ಎರಡನೆಯ ಸಾಕ್ಷಿ. ಆಪಾ ಅವುಗಳನ್ನೂ, ಹೊಸ ಪಾಸ್‌ವರ್ಡನ್ನೂ, ಖಾತೆಯಲ್ಲಿ ತನ್ನ ಹೆಸರು ಯಾವ ಅಕ್ಷರಗಳಲ್ಲಿದೆ ಎಂಬುದನ್ನೂ ತನ್ನದೇ ಕೈಬರಹದಲ್ಲಿ ಬರೆದುಕೊಂಡಳು. ನಂಬರು ಈಗ ಅವಳ ಹೆಸರಿನಲ್ಲಿದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇರುತ್ತಿತ್ತು. ದುಡಿದು ತರುವವರು ಗಂಡಸರಾದರೂ ಟ್ರಂಕಿನ, ಕಪಾಟಿನ, ಹಗೇವಿನ ಮೇಲಿನ ಅಧಿಕಾರ ಆ ಗೊಂಚಲಿನದು. ಫೋನು ಬಂದ ಮೇಲೆ ಆ ಗೊಂಚಲು ಸದ್ದಿಲ್ಲದೆ ಮಗನ, ಅಳಿಯನ, ಅಂಗಡಿಯವನ ಜೇಬು ಸೇರಿದೆ. ಓದುಗರು ತಮ್ಮ ಮನೆಯ ಅಮ್ಮ, ಅಕ್ಕ, ಅತ್ತೆಯರನ್ನು ಇವತ್ತೇ ಒಮ್ಮೆ ಕೇಳಲಿ: ನಿಮ್ಮ ಫೋನು ಈಗಲೇ ನೀರಿಗೆ ಬಿದ್ದರೆ, ನೀವು ನೀವೇ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನಿದೆ? ಏನೂ ಇಲ್ಲವೆಂದರೆ, ಆ ಕೀಲಿಯನ್ನು ಅವರ ಕೈಗೆ ಮರಳಿಸುವ ಕೆಲಸ ಮನೆಯವರದು.