ದಾಸವಾಳದ ಎಲೆಗೂ ದಾಳಿಂಬೆ ರೋಗ!



ಇದೇ ಕಾಲೇಜಿನ ಬೆಂಚಿನಲ್ಲಿ ಕೂತು ನಾನೂ ಪಿಸಿಆರ್‌ನ ಮೂರು ಹಂತಗಳನ್ನು ಬಾಯಿಪಾಠ ಮಾಡಿದವಳು: ಡಿನೇಚುರೇಶನ್, ಅನೀಲಿಂಗ್, ಎಕ್ಸ್‌ಟೆನ್ಶನ್. ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕ ಸಿಗುತ್ತಿತ್ತು. ನಡುವಿನ ಹಂತಕ್ಕೆ ಎಷ್ಟು ಡಿಗ್ರಿ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಆ ಒಂದು ಅಂಕಿ ನನ್ನ ಒಂದೂವರೆ ತಿಂಗಳು ತಿಂದಿತು. ಅಬ್ಬಾ ಅವರ ತೋಟವನ್ನೂ ತಿನ್ನುವುದರಲ್ಲಿತ್ತು.

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯವರಿಗೆ ದಾಳಿಂಬೆಯ ದುಂಡಾಣು ಅಂಗಮಾರಿ ಎಂದರೇನೆಂದು ಹೇಳಬೇಕಿಲ್ಲ. ಎಲೆಯ ಮೇಲೆ ಎಣ್ಣೆ ಚಿಮುಕಿಸಿದಂಥ ಚುಕ್ಕೆ, ಆಮೇಲೆ ಕಾಯಿಗೆ ಕಪ್ಪು ಕಲೆ, ಕೊನೆಗೆ ಹಣ್ಣೇ ಸೀಳುತ್ತದೆ. ಕಾರಣ, ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ಬೇರುಸಹಿತ ಕಿತ್ತವರು ನಮ್ಮ ಸುತ್ತಲೇ ಇದ್ದಾರೆ. ನಮ್ಮದು ಎರಡು ಎಕರೆ. ಒಂದು ಮೂಲೆಯಲ್ಲಿ ಚುಕ್ಕೆ ಕಂಡಾಗ ಅಬ್ಬಾ ಫೋನ್ ಮಾಡಿ, "ಇಷ್ಟು ಓದೀ ಬೇಟಾ, ಉಳಿದ ಗಿಡಕ್ಕೂ ಹತ್ತೈತೇನು ನೋಡಿ ಹೇಳು" ಎಂದರು.

ಎಲೆ ತಂದೆ, ಡಿಎನ್‌ಎ ತೆಗೆದೆ. ಹಿಂದಿನವರು ಬಿಟ್ಟುಹೋಗಿದ್ದ ಚೀಟಿಯಲ್ಲಿ ಅನೀಲಿಂಗ್ 50 ಡಿಗ್ರಿ ಎಂದಿತ್ತು, ಅದನ್ನೇ ಹಾಕಿದೆ. ಜೆಲ್ಲನ್ನು ಯುವಿ ಬೆಳಕಿಗೆ ಹಿಡಿದರೆ ಎಲ್ಲ ಸಾಲಿನಲ್ಲೂ ಗೆರೆ! ಚುಕ್ಕೆಯಿದ್ದ ಎಲೆಗೂ, ಇಲ್ಲದ ಎಲೆಗೂ. ತೋಟ ಪೂರ್ತಿ ಹೋಯಿತು ಎಂದು ಫೋನ್ ಕೈಗೆತ್ತಿಕೊಂಡಿದ್ದೆ. ಗೈಡ್ ಮೇಡಂ ಬಂದು ನೋಡಿ, "ಹೊರಗಿನ ದಾಸವಾಳದ ಎಲೆ ಹಾಕಿ ನೋಡು" ಎಂದರು. ಹಾಕಿದೆ. ದಾಸವಾಳಕ್ಕೂ ಗೆರೆ ಬಂತು. ಬರೀ ನೀರು ಹಾಕಿದ ಟ್ಯೂಬಿನಲ್ಲಿ ಏನೂ ಇಲ್ಲ, ಹಾಗಾಗಿ ಕಲಬೆರಕೆಯೂ ಅಲ್ಲ.

ತಪ್ಪು ಉಷ್ಣತೆಯದು. ಪ್ರೈಮರ್ ಎಂದರೆ ಸುಮಾರು ಇಪ್ಪತ್ತು ಅಕ್ಷರಗಳ ತುಂಡು. ಬಿಸಿ ಕಡಿಮೆಯಾದರೆ ನಾಲ್ಕಾರು ಅಕ್ಷರ ಹೊಂದದಿದ್ದರೂ ಸಿಕ್ಕಲ್ಲಿ ಅಂಟಿಕೊಳ್ಳುತ್ತದೆ. ಹೆಚ್ಚಾದರೆ ತನ್ನ ಜಾಗದಲ್ಲೂ ನಿಲ್ಲುವುದಿಲ್ಲ. ಎ-ಟಿ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ಜೋಡಿಗೆ ಮೂರು. ಆದ್ದರಿಂದ ಚಿಕ್ಕ ಪ್ರೈಮರ್‌ಗೆ ಒಂದು ಒರಟು ಲೆಕ್ಕವಿದೆ: ಪ್ರತಿ ಎ, ಟಿಗೆ 2 ಡಿಗ್ರಿ, ಪ್ರತಿ ಜಿ, ಸಿಗೆ 4. ನನ್ನ ಒಂದು ಪ್ರೈಮರಿನಲ್ಲಿ ಜಿ, ಸಿ ಸೇರಿ 12, ಎ, ಟಿ ಸೇರಿ 8. ಅಂದರೆ 48 ಮತ್ತು 16, ಒಟ್ಟು 64. ಇನ್ನೊಂದಕ್ಕೆ 62 ಬಂತು. ಕಡಿಮೆ ಇರುವುದನ್ನು ಹಿಡಿದು 5 ಕಳೆದರೆ 57. (ಪರೀಕ್ಷೆಗೆ ಬರಲಿಕ್ಕಿಲ್ಲ, ಆದರೂ ಒಮ್ಮೆ ಮಾಡಿ ನೋಡಿ.) ಚೀಟಿಯ 50 ಬಹುಶಃ ಬೇರೆ ಯಾವುದೋ ಪ್ರೈಮರಿನದು. ನಾನು ಲೆಕ್ಕ ಹಾಕದೆ ನಂಬಿದೆ.

57ರಲ್ಲಿ ದಾಸವಾಳದ ಗೆರೆ ಮಸುಕಾಯಿತು, ಹೋಗಲಿಲ್ಲ. ದ್ರಾವಣದ ಉಪ್ಪು, ಮೆಗ್ನೀಸಿಯಂ ಕೂಡ ಈ ಅಂಕಿಯನ್ನು ಆಚೀಚೆ ಮಾಡುತ್ತವೆ. ಅಮ್ಮಿ ಶೇಂಗಾ ಚಿಕ್ಕಿಗೆ ಪಾಕ ಕಾಯಿಸುವಾಗ ನೀರಿಗೆ ಹನಿ ಬಿಟ್ಟು ನೋಡುತ್ತಾರಲ್ಲ, ಇಲ್ಲೂ ಹಾಗೇ, ಮಾಡಿಯೇ ನೋಡಬೇಕು. ಅದಕ್ಕೆ ಗ್ರೇಡಿಯಂಟ್ ಯಂತ್ರವಿದೆ. ಒಂದೇ ಸಲಕ್ಕೆ ಒಂದೊಂದು ಸಾಲಿಗೆ ಒಂದೊಂದು ಉಷ್ಣತೆ. 55ರಿಂದ 65ರವರೆಗೆ ಓಡಿಸಿದೆ. 65ರಲ್ಲಿ ರೋಗಾಣುವಿನ ಗೆರೆಯೇ ಕಾಣದಂತಾಯಿತು. 61ರಲ್ಲಿ ರೋಗಾಣುವಿಗೆ ಒಂದೇ ಚೊಕ್ಕ ಗೆರೆ, ದಾಸವಾಳಕ್ಕೆ ಏನೂ ಇಲ್ಲ.

ಆಮೇಲೆ ನಮ್ಮ ಎಲೆಗಳನ್ನು 61ಕ್ಕೇ ಹಾಕಿದೆ. ಮೂಲೆಯ ಗಿಡಗಳಿಗೆ ಗೆರೆ ಬಂತು, ಉಳಿದವಕ್ಕೆ ಬರಲಿಲ್ಲ. ಆ ರಾತ್ರಿಯೇ ಅಬ್ಬಾಗೆ ಹೇಳಿದೆ, ಜೊತೆಗೆ "ಇವತ್ತಿಗೆ ಇಲ್ಲ ಅಷ್ಟೇ, ಮುಂದೆ ಬರಲ್ಲ ಅಂತಲ್ಲ" ಎಂದೂ ಹೇಳಿದೆ. ಮೂಲೆಯ ಹದಿನಾಲ್ಕು ಗಿಡ ಕಿತ್ತು ಸುಟ್ಟರು. ಉಳಿದವು ಈಗ ಹೂ ಬಿಟ್ಟಿವೆ. ತಿಂಗಳಿಗೊಮ್ಮೆ ಅಬ್ಬಾ ಎಲೆಗಳನ್ನು ಕವರಿನಲ್ಲಿ ಹಾಕಿ, ಯಾವ ಸಾಲಿನವೆಂದು ಬರೆದು, ಬಸ್ಸಿನಲ್ಲಿ ಕಳಿಸುತ್ತಾರೆ.